ಲಾಲ್‌ಬಾಗ್‌ನಲ್ಲಿ ಸಕ್ಯುಲೆಂಟ್ ಕೊಳ್ಳುವವರಿಗೆ

ಸಕ್ಯುಲೆಂಟ್, ಅಂದರೆ ಕಳ್ಳಿಯಂತೆ ಎಲೆ, ಕಾಂಡದಲ್ಲಿ ನೀರು ಕೂಡಿಡುವ ಗಿಡ, ಕೊಳ್ಳಲು ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಹೋಗುವವರು ಮೊದಲು ಕಳ್ಳಿ ತೋಟ ನೋಡಿಕೊಂಡು ಬನ್ನಿ. ಪುಟ್ಟ ಕುಂಡದ ಗಿಡ ಮುಂದೆ ಎಷ್ಟು ಬೆಳೆಯುತ್ತದೆ ಅಂತ ಗೊತ್ತಾಗುತ್ತದೆ. ಆಮೇಲೆ ಗಿಡ ಮಾರುವ ಮಳಿಗೆಗಳು.

ಕೊಳ್ಳುವ ಮುಂಚೆ ಎಲೆಗಳ ಸಂದಿ ಬಿಡಿಸಿ ನೋಡಿ. ಹತ್ತಿಯಂಥ ಬಿಳಿ ಚೂರು ಕಂಡರೆ ಅದು ಹಿಟ್ಟು ತಿಗಣೆ ಅನ್ನುವ ಕೀಟ, ಗಿಡ ಅಲ್ಲೇ ಇಟ್ಟುಬಿಡಿ. ಮನೆಯ ಉಳಿದ ಗಿಡಗಳಿಗೂ ಹತ್ತುತ್ತದೆ. ಬುಡ ಮೆತ್ತಗಿದ್ದರೆ ಕೊಳೆತಿದೆ ಅಂತಲೇ ಲೆಕ್ಕ. ಕಳ್ಳಿಯ ಮೇಲೆ ಹೂವಿದ್ದರೆ ಮೆಲ್ಲಗೆ ಮುಟ್ಟಿ ನೋಡಿ, ಕೆಲವೊಮ್ಮೆ ಒಣಹೂ ಅಂಟಿಸಿರುತ್ತಾರೆ! ಕೆಂಪು ತಲೆಯ ಮೂನ್ ಕ್ಯಾಕ್ಟಸ್ ಕಸಿ ಮಾಡಿದ್ದು, ಜಾಸ್ತಿ ವರ್ಷ ಬಾಳುವುದಿಲ್ಲ. ನಿಮ್ಮ ಬಾಲ್ಕನಿಗೆ ನೇರ ಬಿಸಿಲು ಬರಲ್ವಾ? ಹಾಗಾದರೆ ಎಚೆವೇರಿಯಾ ಬೇಡ, ಹಾವರ್ಥಿಯಾ ತಗೊಳ್ಳಿ.

ಮನೆಗೆ ತಂದ ಮೇಲೆ ಕುಂಡದಲ್ಲಿ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇದ್ದರೆ ಮಣ್ಣು ಬದಲಿಸಿ. ಬದಲಿಸಿದ ಮೇಲೆ ನೀರು ಮಾತ್ರ ಒಂದು ವಾರ ಕಳೆದ ನಂತರ ಹಾಕಿ.