ಹಳೇ ಸೋಲ್ 45 ಕೊಳ್ಳುವ ಮುನ್ನ ಮೊದಲ 15 ಸೆಕೆಂಡ್ ಕೇಳಿಸಿಕೊಳ್ಳಿ

1960ರ ದಶಕದ ಅಮೆರಿಕನ್ ಸೋಲ್ ಸಂಗೀತದ ಸಿಂಗಲ್‌ಗಳನ್ನು (ನಿಮಿಷಕ್ಕೆ 45 ಸುತ್ತು ತಿರುಗುವ ಪುಟ್ಟ ರೆಕಾರ್ಡ್‌ಗಳು, ಇವನ್ನೇ 45 ಅನ್ನುವುದು) ಬರೀ ಫೋಟೋ ನೋಡಿ ಕೊಳ್ಳಬೇಡಿ. ಹಾಡಿನ ಮೊದಲ 15 ಸೆಕೆಂಡ್, ಕೊನೆಯ 15 ಸೆಕೆಂಡ್ ರೆಕಾರ್ಡ್ ಮಾಡಿ ಕಳಿಸಿ ಅಂತ ಮಾರುವವರನ್ನು ಕೇಳಿ. ಆ ಕಾಲದ ಎಷ್ಟೋ 45ಗಳು ಮಾಮೂಲಿ ರೆಕಾರ್ಡ್ ಪ್ಲಾಸ್ಟಿಕ್ ಆದ ವಿನೈಲ್ ಅಲ್ಲವೇ ಅಲ್ಲ, ಸ್ಟೈರೀನ್ ಅನ್ನುವ ಬೇರೆ ಪ್ಲಾಸ್ಟಿಕ್. ನೋಡಲು ಗಡುಸು, ಆದರೆ ಸವೆದ ಸೂಜಿ ತಾಗಿದರೆ ಬೇಗ ಹಾಳಾಗುತ್ತದೆ. ಮೇಲೆ ಕನ್ನಡಿ ಥರ ಹೊಳೆಯುತ್ತಿದ್ದರೂ ಹಾಕಿದರೆ ಬರೀ ಕರಕರ. ಡಿಜೆಗಳು ಹಾಡು ಶುರುವಾಗುವ ಜಾಗ ಹಿಡಿಯಲು ರೆಕಾರ್ಡನ್ನು ಹಿಂದೆ ಮುಂದೆ ತಿರುಗಿಸುತ್ತಾರಲ್ವಾ, ಆ ಏಟೆಲ್ಲ ಬೀಳುವುದು ಮೊದಲ ಸುತ್ತುಗಳಿಗೆ. ಅಲ್ಲಿ ಸುಯ್ ಅಂತ ಸದ್ದು ಬಂದರೆ ಮುಗಿಯಿತು, ಎಷ್ಟು ತೊಳೆದರೂ ಹೋಗಲ್ಲ. ಹಾಡಿನ ಕೊನೆ ಬರುವ, ಲೇಬಲ್ ಹತ್ತಿರದ ಸುತ್ತುಗಳು ಸವೆದಿದ್ದರೆ ಹಾಡುವವರ 'ಸ' ಒಡೆದು ಕೇಳಿಸುತ್ತದೆ. ರೆಕಾರ್ಡ್ ಕೈಯಲ್ಲೇ ಇದ್ದರೆ ಉಗುರಿನಿಂದ ಮೆಲ್ಲಗೆ ತಟ್ಟಿ ನೋಡಿ: ಸ್ಟೈರೀನ್ ಟಕ್ ಅಂತ ತೆಳುವಾಗಿ ಸದ್ದು ಮಾಡುತ್ತದೆ, ವಿನೈಲ್ ಸದ್ದು ಮಂದ. ಸ್ಟೈರೀನ್ ರೆಕಾರ್ಡಿನ ಲೇಬಲ್ಲೂ ಹೆಚ್ಚಾಗಿ ಅಂಟಿಸಿದ ಕಾಗದವೇ. ಲೇಬಲ್ ಸುತ್ತಲಿನ ಖಾಲಿ ಜಾಗದಲ್ಲಿ ಪುಟ್ಟ ತ್ರಿಕೋನ, ಜೊತೆಗೊಂದು ಸಂಖ್ಯೆ ಗೀಚಿದ್ದರೆ ಅದು ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯದು, ಸ್ಟೈರೀನ್ ಇರುವ ಸಾಧ್ಯತೆ ಜಾಸ್ತಿ. ಕೇಳಿ ನೋಡುವ ಈ ಉಪಾಯ ಎಲ್ಲ ಕಡೆ ನಡೆಯಲ್ಲ. ಮಾರುವವರು ಸಾಫ್ಟ್‌ವೇರ್ ಹಾಕಿ ಗದ್ದಲ ತೆಗೆದಿದ್ದರೆ ಏನೂ ಗೊತ್ತಾಗಲ್ಲ. ದುಡ್ಡಿಲ್ಲದ ಸಣ್ಣ ಕಂಪನಿಗಳ ಕೆಲವು ರೆಕಾರ್ಡ್‌ಗಳಂತೂ ಹೊಸದರಲ್ಲೇ ಕರಕರ ಅನ್ನುತ್ತಿದ್ದವು, ಅವಕ್ಕೆ ಬೇರೆ ಪ್ರತಿಯ ಜೊತೆ ಹೋಲಿಸಿಯೇ ನೋಡಬೇಕು. ಲೇಬಲ್ ಮೇಲೆ ಯಾರೋ ಪೆನ್ನಲ್ಲಿ ಹೆಸರು ಗೀಚಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ, ಅದನ್ನೇ ತೋರಿಸಿ ಚೌಕಾಸಿ ಮಾಡಿ.