ಕಾರಿಗೆ ಪಿಕಪ್ ಇಲ್ವಾ? ಮೊದಲು ಆರ್‌ಪಿಎಂ ಮುಳ್ಳು ನೋಡಿ

ಆಕ್ಸಿಲರೇಟರ್ ಒತ್ತಿದರೂ ಕಾರು ಎಳೆಯುತ್ತಿಲ್ಲ ಅಂದರೆ ಸುಮ್ನೆ ಇಂಜೆಕ್ಟರ್ (ಎಂಜಿನ್‌ಗೆ ಇಂಧನ ಚಿಮ್ಮಿಸುವ ಭಾಗ) ಬದಲಿಸೋಕೆ ಹೋಗಬೇಡಿ. ಮ್ಯಾನ್ಯುವಲ್ ಗೇರ್ ಕಾರಲ್ಲಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬ ಲೆಕ್ಕ) ಸರ್ರನೆ ಏರಿ ವೇಗ ಮಾತ್ರ ಏರದಿದ್ದರೆ, ಜಾರುತ್ತಿರುವುದು ಕ್ಲಚ್. ಎಂಜಿನ್ ಮುಟ್ಟೋದೇ ಬೇಡ.

ಆರ್‌ಪಿಎಂ ಕೂಡ ಏರದಿದ್ದರೆ ಏರ್ ಫಿಲ್ಟರ್ ತೆಗೆದು ನೋಡಿ. ಆಮೇಲೆ ಫ್ಯೂಯೆಲ್ ಫಿಲ್ಟರ್, ಸ್ಪಾರ್ಕ್ ಪ್ಲಗ್. ಚೆಕ್ ಎಂಜಿನ್ ಲೈಟ್ ಉರಿಯುತ್ತಿದ್ದರೆ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ಪಿ0171 ಕೋಡ್ ಬಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಎಂದರ್ಥ. ಕೆಲವರು ತಕ್ಷಣ ಸೆನ್ಸರ್ ಬದಲಿಸಿ ಅಂತಾರೆ. ಒಪ್ಪಬೇಡಿ, ಮೊದಲು ವ್ಯಾಕ್ಯೂಮ್ ಪೈಪ್ ಎಲ್ಲಾದರೂ ಸೀಳಿ ಎಂಜಿನ್‌ಗೆ ಹೆಚ್ಚುವರಿ ಗಾಳಿ ನುಗ್ಗುತ್ತಿದೆಯಾ ಹುಡುಕಿಸಿ.

ಇನ್ನೊಂದು, ಪೆಡಲ್ ಬಿಟ್ಟ ಮೇಲೂ ಬ್ರೇಕ್ ಚಕ್ರವನ್ನು ಹಿಡಿದುಕೊಂಡೇ ಇದ್ದರೂ ಕಾರು ಹೀಗೇ ಭಾರವಾಗುತ್ತದೆ. ಓಡಿಸಿ ನಿಲ್ಲಿಸಿದ ಮೇಲೆ ಒಂದೇ ಚಕ್ರದಿಂದ ಜಾಸ್ತಿ ಬಿಸಿ ಬರುತ್ತಿದ್ದರೆ ಆ ಚಕ್ರದ ಬ್ರೇಕ್ ನೋಡಿಸಿ. ರಿಮ್ ಮುಟ್ಟಬೇಡಿ, ಕೈ ಸುಡುತ್ತದೆ.