ಒಂದು ಹಿಡಿ, ಎರಡು ನಳಿಗೆ: ಅಜ್ಜನ ಬಂದೂಕು ಮನೆಯಲ್ಲಿ ಉಳಿಯಬೇಕಾದರೆ

ಅಪ್ಪನ ಉತ್ತರಕ್ರಿಯೆ ಮುಗಿದ ಮರುದಿನ, ಗುಬ್ಬಿ ತಾಲ್ಲೂಕಿನ ನಮ್ಮ ತೋಟದ ಮನೆಯ ಅಟ್ಟದಿಂದ ಬಂದೂಕಿನ ಪೆಟ್ಟಿಗೆ ಇಳಿಸಿದೆವು. ಚಿಕ್ಕಂದಿನಿಂದ ನಾವು ಕಂಡಿದ್ದು ಒಂದು ಬಂದೂಕು, ಒಂದು ನಳಿಗೆ. ಪೆಟ್ಟಿಗೆಯ ಮುಚ್ಚಳ ತೆಗೆದರೆ ಹಸಿರು ಬಟ್ಟೆಯ ಮೇಲೆ ಹಿಡಿ ಒಂದೇ, ನಳಿಗೆ ಎರಡು. ಒಂದು ಒಳಗೆಲ್ಲ ನುಣುಪಾದ ಹನ್ನೆರಡು ಬೋರಿನದು. ಇನ್ನೊಂದು ಕಿರಿದು, ಅದರ ಹೊಟ್ಟೆಯೊಳಗೆ ಬಳ್ಳಿಯಂತೆ ಸುತ್ತಿಕೊಂಡು ಹೋದ ಗೀರುಗಳು, ಅಂದರೆ ರೈಫಲಿನ ನಳಿಗೆ. ಅಪ್ಪನ ಲೈಸೆನ್ಸ್ ಪುಸ್ತಕ ತೆರೆದು ನೋಡಿದರೆ ಅದರಲ್ಲಿ ಬರೆದಿದ್ದು ಮೊದಲನೆಯದು ಮಾತ್ರ.

ತುಮಕೂರು ಜಿಲ್ಲೆಯ ಎಷ್ಟೋ ಹಳೆಯ ಮನೆಗಳಲ್ಲಿ ಇಂಥ ಪೆಟ್ಟಿಗೆಗಳಿವೆ. ಹಂದಿ, ಕರಡಿಗಳಿಂದ ಬೆಳೆ ಕಾಯಲು ಅಜ್ಜಂದಿರು ಕೊಂಡ ಒಂಟಿನಳಿಗೆಗಳು ಈಗ ಪೇಟೆ ಸೇರಿದ ಮಕ್ಕಳ ಕೈಗೆ ಬರುತ್ತಿವೆ. ಅವನ್ನು ಉಳಿಸಿಕೊಳ್ಳುವ ಆಸೆಯಿದ್ದವರು ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ನಾನು ಕಲಿತ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಠಾಣೆ, ಆಮೇಲೆ ಪ್ರೀತಿ

ಲೈಸೆನ್ಸ್ ವ್ಯಕ್ತಿಗೆ ಕೊಟ್ಟದ್ದು, ಮನೆಗೆ ಕೊಟ್ಟದ್ದಲ್ಲ. ಆ ವ್ಯಕ್ತಿ ತೀರಿಕೊಂಡ ಮೇಲೆ ಬಂದೂಕನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇರುವುದಿಲ್ಲ, ಹಿರಿಯ ಮಗನಿಗೂ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನಂತೆ ತಡಮಾಡದೆ ಅದನ್ನು ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ವ್ಯಾಪಾರಿಯ ಬಳಿಯಲ್ಲೋ ಠೇವಣಿ ಇಡಬೇಕು. ಒಯ್ಯುವ ಮೊದಲು ಠಾಣೆಗೆ ಫೋನ್ ಮಾಡಿ ತಿಳಿಸಿ. ನಳಿಗೆ ಕಳಚಿ, ತೋಟಾಗಳನ್ನು ಬೇರೆ ಕಟ್ಟಿ, ಅಪ್ಪನ ಲೈಸೆನ್ಸ್ ಪುಸ್ತಕ ಮತ್ತು ಮರಣ ಪ್ರಮಾಣಪತ್ರದೊಂದಿಗೆ ಒಯ್ಯಿರಿ. ರಸೀದಿಯಲ್ಲಿ ಬಂದೂಕಿನ ಸಂಖ್ಯೆ, ನಳಿಗೆಗಳ ಎಣಿಕೆ, ಮರಕ್ಕೆ ಬಿದ್ದ ಹಳೆಯ ಬಿರುಕು ಎಲ್ಲವನ್ನೂ ಬರೆಸಿಕೊಳ್ಳಿ.

ಎರಡನೆಯ ನಳಿಗೆಯನ್ನು ಮನೆಯಲ್ಲೇ ಬಿಡೋಣ, ಅದೇನು ಬರೀ ಕೊಳವೆ ತಾನೇ ಎಂದು ನನ್ನ ತಮ್ಮ ಹೇಳಿದ. ಇಲ್ಲಿಯೇ ಜನ ಎಡವುವುದು. ಕಾಯ್ದೆಯ ವ್ಯಾಖ್ಯೆಯಲ್ಲಿ ಬಂದೂಕು ಎಂದರೆ ಅದರ ಬಿಡಿಭಾಗಗಳೂ ಸೇರುತ್ತವೆ. ಹಿಡಿಯಿಲ್ಲದ ಒಂಟಿ ನಳಿಗೆಯೂ ಕಾನೂನಿನ ಕಣ್ಣಿಗೆ ಬಂದೂಕೇ. ಅಟ್ಟದ ಮೇಲೆ ಲೆಕ್ಕಕ್ಕೆ ಸಿಗದೆ ಬಿದ್ದ ನಳಿಗೆ ಇಡೀ ಮನೆಯನ್ನು ಮೊಕದ್ದಮೆಗೆ ಎಳೆಯಬಲ್ಲದು. ನಾವು ಎರಡನ್ನೂ ಒಯ್ದೆವು. ಪುಸ್ತಕದಲ್ಲಿ ಇಲ್ಲದ ನಳಿಗೆ ಎಲ್ಲಿ, ಯಾವಾಗ, ಹೇಗೆ ಸಿಕ್ಕಿತು ಎಂದು ನಾವೇ ಅರ್ಜಿಯಲ್ಲಿ ಬರೆದುಕೊಟ್ಟೆವು. ನೀವೂ ಹಾಗೆಯೇ ಮಾಡಿ. ಸಾಧ್ಯವಾದರೆ ವಕೀಲರೊಬ್ಬರ ಸಲಹೆ ಪಡೆದೇ ಬರೆಯಿರಿ.

ಮುಂದಿನದು ಜಿಲ್ಲಾಧಿಕಾರಿ ಕಚೇರಿಯ ಕೆಲಸ. 2016ರ ಶಸ್ತ್ರಾಸ್ತ್ರ ನಿಯಮಗಳು ವಾರಸುದಾರರಿಗೆ ದಾರಿ ಇಟ್ಟಿವೆ. ನಮೂನೆ ಎ-1ರಲ್ಲಿ ಅರ್ಜಿ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್, ವೈದ್ಯಕೀಯ ಪ್ರಮಾಣಪತ್ರ, ಬಂದೂಕು ಬಳಸುವ ತರಬೇತಿ ಪಡೆದ ಪತ್ರ, ಪೊಲೀಸ್ ವರದಿ. ತಂಗಿಯರ ಸಹಿ ಬೇಡವೆಂದು ಯಾರಾದರೂ ಹೇಳಿದರೆ ನಂಬಬೇಡಿ, ಅವರೂ ವಾರಸುದಾರರೇ. ಅಜ್ಜನೋ ಅಪ್ಪನೋ ಬದುಕಿರುವಾಗಲೇ ವರ್ಗಾಯಿಸಲೂ ಅವಕಾಶವಿದೆ: ಅವರಿಗೆ 70 ವರ್ಷ ತುಂಬಿರಬೇಕು, ಇಲ್ಲವೇ ಬಂದೂಕು ಅವರ ಹೆಸರಿನಲ್ಲಿ 25 ವರ್ಷ ಇದ್ದಿರಬೇಕು. ನನ್ನ ಮಟ್ಟಿಗೆ ಇದೇ ಒಳ್ಳೆಯ ಹಾದಿ. ಬಂದೂಕು ಎಲ್ಲಿಂದ ಬಂತು, ಎರಡನೆಯ ನಳಿಗೆ ಯಾಕೆ ಬಂತು ಎಂದು ಹೇಳಬಲ್ಲವರು ಎದುರಿಗೆ ಕುಳಿತಿರುತ್ತಾರೆ. ನಾನು ಅಪ್ಪನನ್ನು ಕೇಳಲಿಲ್ಲ. ನಮ್ಮ ಕಡತ ಹದಿನಾಲ್ಕು ತಿಂಗಳು ತಿರುಗಿತು. ಒಬ್ಬರು ಕೇಳಿದ ಕಾಗದವನ್ನೇ ಇನ್ನೊಬ್ಬರು ಮತ್ತೆ ಕೇಳಿದರು. ಪ್ರತಿಯೊಂದು ಕಾಗದದ ನಕಲು, ಸ್ವೀಕೃತಿಯ ಮೊಹರು ಇಟ್ಟುಕೊಂಡಿದ್ದರಿಂದ ಮಾತ್ರ ಅದು ದಡ ಸೇರಿತು.

ಎಷ್ಟು ಇಟ್ಟುಕೊಳ್ಳಬಹುದು

ಎರಡು. 2019ರ ತಿದ್ದುಪಡಿಗೆ ಮೊದಲು ಮೂರು ಇತ್ತು. ಪಿತ್ರಾರ್ಜಿತವಾಗಿ ಬಂದದ್ದಕ್ಕೂ ಇದೇ ಮಿತಿ. ಅದೇ ತಿದ್ದುಪಡಿ ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಕೊಡಗಿನ ನೆಂಟರನ್ನು ನೋಡಿ ಇಲ್ಲಿಯೂ ಹಾಗೆಯೇ ಎಂದುಕೊಳ್ಳಬೇಡಿ. ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಎಂಬ ಹಳೆಯ ಭೂಹಿಡುವಳಿ ಉಳ್ಳವರಿಗೆ ಇರುವ ಲೈಸೆನ್ಸ್ ವಿನಾಯಿತಿ ನಮ್ಮ ಜಿಲ್ಲೆಗೆ ಅನ್ವಯಿಸುವುದಿಲ್ಲ.

ಅಮೆರಿಕದ ಸಂಗ್ರಾಹಕರು ಒಂದು ಹಿಡಿಗೆ ಹತ್ತಾರು ನಳಿಗೆ ಕೂಡಿಡುತ್ತಾರೆ. ವಾರೆನ್ ಸೆಂಟರ್ ಎಂಬ ಕುಶಲಕರ್ಮಿ ರೂಪಿಸಿದ, 1967ರಲ್ಲಿ ಮಾರುಕಟ್ಟೆಗೆ ಬಂದ ಥಾಂಪ್ಸನ್ ಸೆಂಟರ್ ಕಂಟೆಂಡರ್‌ನಲ್ಲಿ ಕೀಲಿನ ಮೊಳೆಯೊಂದನ್ನು ತಟ್ಟಿ ತೆಗೆದರೆ ನಳಿಗೆ ಕೈಗೆ ಬರುತ್ತದೆ. ಪುಟ್ಟ .22 ಬೋರಿನ ತೋಟಾದಿಂದ ದಪ್ಪ ತೋಟಾದವರೆಗೆ ಬೇರೆ ಬೇರೆ ನಳಿಗೆ ಕೂರುತ್ತದೆ. ಅದೇ ಕಂಪನಿ 1983ರಲ್ಲಿ ಟಿಸಿಆರ್ ಎಂಬ ಉದ್ದ ರೈಫಲನ್ನೂ ಇದೇ ತತ್ವದ ಮೇಲೆ ತಂದಿತು. ಹ್ಯಾರಿಂಗ್ಟನ್ ಅಂಡ್ ರಿಚರ್ಡ್‌ಸನ್ ಕಂಪನಿಯ ಅಗ್ಗದ ಒಂಟಿನಳಿಗೆಗಳಲ್ಲಿಯೂ ನಳಿಗೆ ಬದಲಿಸಬಹುದಿತ್ತು. ಇವುಗಳ ಚಿತ್ರ ನೋಡಿ ಆಸೆಪಡುವ ಹುಡುಗರಿಗೆ ಸ್ಪಷ್ಟವಾಗಿ ಹೇಳಬೇಕಾದದ್ದು: ಸಾಮಾನ್ಯ ನಾಗರಿಕರು ಹೊರದೇಶದಿಂದ ಬಂದೂಕು ತರಿಸುವುದಕ್ಕೆ 1980ರ ದಶಕದಿಂದಲೇ ಕಟ್ಟುನಿಟ್ಟಿನ ತಡೆಯಿದೆ. ನಳಿಗೆಯೂ ಬಂದೂಕೇ ಆದ್ದರಿಂದ ಅದನ್ನು ಅಂಚೆಯಲ್ಲಿ ತರಿಸುವ ಯೋಚನೆಯೂ ಬೇಡ. ಲೈಸೆನ್ಸಿನಲ್ಲಿ ಯಾವ ಬೋರು ಬರೆದಿದೆಯೋ ಅದು ಮಾತ್ರ ನಿಮ್ಮದು. ಸೇನೆಯ .303 ರೈಫಲಿನಂಥವು ಸಾಮಾನ್ಯರಿಗೆ ಸಿಗದ ನಿಷೇಧಿತ ಬೋರಿನವು.

ಹಾಗಾಗಿ ನಮ್ಮಲ್ಲಿ ಸಂಗ್ರಹವೆಂದರೆ ಕೈಗೆ ಬಂದ ಒಂದು ಬಂದೂಕನ್ನು ಪೂರ್ತಿ ಓದುವುದು. ಅದು ಕಡಿಮೆ ಸುಖವಲ್ಲ.

ಓದುವುದು ಹೇಗೆ

ಬಂದೂಕು ನಿಮ್ಮ ಹೆಸರಿಗೆ ಬಂದ ದಿನ, ಹಗಲು ಬೆಳಕಿನಲ್ಲಿ, ಮಕ್ಕಳು ಶಾಲೆಗೆ ಹೋದ ಮೇಲೆ ಕುಳಿತುಕೊಳ್ಳಿ. ಮೊದಲು ಮೇಲಿನ ಲಿವರನ್ನು ಬದಿಗೆ ಒತ್ತಿ ಬಂದೂಕನ್ನು ಮಡಚಿ ತೆರೆಯಿರಿ. ತೋಟಾ ಕೂರುವ ಮನೆ ಖಾಲಿಯಿದೆಯೇ ಎಂದು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ಪ್ರತಿ ಸಲವೂ, ಹತ್ತು ನಿಮಿಷದ ಹಿಂದೆ ನೋಡಿದ್ದರೂ.

ಈಗ ನಳಿಗೆಯ ಅಡಿಯ ಮರದ ಮುಂಹಿಡಿಯನ್ನು ಕಳಚಿ, ನಳಿಗೆಯನ್ನು ಕೀಲಿನಿಂದ ಬಿಡಿಸಿ ತಿರುಗಿಸಿ ನೋಡಿ. ಅಡಿಯಲ್ಲಿರುವ ಸಣ್ಣ ಮುದ್ರೆಗಳೇ ಬಂದೂಕಿನ ಜಾತಕ. ಇಂಗ್ಲೆಂಡಿನ ಬಂದೂಕುಗಳನ್ನು ಮಾರುವ ಮೊದಲು ಹೆಚ್ಚಿನ ಮದ್ದು ತುಂಬಿ ಹಾರಿಸಿ ಪರೀಕ್ಷಿಸಿ ಮುದ್ರೆ ಒತ್ತುವ ಮನೆಗಳು ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್‌ನಲ್ಲಿವೆ. ಬರ್ಮಿಂಗ್‌ಹ್ಯಾಮ್‌ನದು 1813ರಲ್ಲಿ ಸ್ಥಾಪನೆಯಾಯಿತು. ಕಿರೀಟದ ಕೆಳಗೆ ಬಿಪಿ, ಬಿವಿ ಎಂಬ ಅಕ್ಷರಗಳಿದ್ದರೆ ಅದು ಬರ್ಮಿಂಗ್‌ಹ್ಯಾಮ್, 1904ರ ನಂತರದ್ದು. ‘ನಾಟ್ ಫಾರ್ ಬಾಲ್’ ಎಂಬ ಪದಗಳಿದ್ದರೆ 1875 ಮತ್ತು 1887ರ ನಡುವಿನದು. ತುದಿ ಕಿರಿದಾದ ಆ ನಳಿಗೆಯಲ್ಲಿ ಒಂಟಿ ಗುಂಡು ಹಾರಿಸಬಾರದೆಂಬ ಎಚ್ಚರಿಕೆ ಅದು. ಹೊಗೆಯಿಲ್ಲದ ಹೊಸ ಮದ್ದಿಗೆ ಪರೀಕ್ಷಿಸಿದ್ದೆಂದು ಸಾರುವ ‘ನೈಟ್ರೋ’ ಎಂಬ ಪದವೋ ಎನ್‌ಪಿ ಎಂಬ ಅಕ್ಷರಗಳೋ ಇಲ್ಲದಿದ್ದರೆ ಆ ನಳಿಗೆ ಕರಿಮದ್ದಿನ ಕಾಲದ್ದೆಂದೇ ತಿಳಿಯಿರಿ. ಇಂದಿನ ಅಂಗಡಿಯ ತೋಟಾ ಅದಕ್ಕೆ ಸಲ್ಲದು. ಮೈಮೇಲೆ ನೀರಿನ ಅಲೆಯಂಥ ಚಿತ್ತಾರ ಕಂಡರೆ ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ ಡಮಾಸ್ಕಸ್ ನಳಿಗೆ. ನೋಡಲು ಅಪ್ಪಟ ಚೆಲುವು. ಅದನ್ನು ನೋಡಿ ಸಂತೋಷಪಡಿ, ಹಾರಿಸಬೇಡಿ.

ಹನ್ನೆರಡು ಬೋರು ಎಂದರೆ ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮನಾದ ಗುಂಡು ಮಾಡಿದರೆ ಒಂದು ಗುಂಡಿನ ಅಗಲ, ಸುಮಾರು 18.5 ಮಿಲಿಮೀಟರ್. ಅಗಲ ಸರಿಯಿದ್ದ ಮಾತ್ರಕ್ಕೆ ತೋಟಾ ಸರಿ ಎನ್ನುವಂತಿಲ್ಲ. ಹಳೆಯ ನಳಿಗೆಗಳಲ್ಲಿ ತೋಟಾದ ಮನೆ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. ಇಂದು ಸಿಗುವುದು ಹೆಚ್ಚಾಗಿ 70 ಮಿಲಿಮೀಟರಿನದು. ಅದೂ ಒಳಗೆ ಕೂರುತ್ತದೆ, ಬಂದೂಕು ಮುಚ್ಚಿಕೊಳ್ಳುತ್ತದೆ. ಮೋಸ ಅಲ್ಲಿಯೇ ಇದೆ. 70 ಎಂಬುದು ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ ಉದ್ದ. ಬಿಚ್ಚಿಕೊಳ್ಳಲು ಜಾಗವಿಲ್ಲದಾಗ ಒಳಗಿನ ಒತ್ತಡ ಏರುತ್ತದೆ.

ಮುದ್ರೆಗಳ ಪಕ್ಕದಲ್ಲೇ ಸಂಖ್ಯೆಯನ್ನು ಹುಡುಕಿ. ನಳಿಗೆಯ ಅಡಿ, ಲೋಹದ ಬಾಡಿ, ಮುಂಹಿಡಿಯ ಕಬ್ಬಿಣ ಈ ಮೂರು ಕಡೆಯೂ ಒಂದೇ ಸಂಖ್ಯೆಯಿದ್ದರೆ ಅವು ಒಂದೇ ಬೆಂಚಿನ ಮೇಲೆ ಒಂದಕ್ಕೊಂದು ಹೊಂದಿಸಿ ಮಾಡಿದವು. ನಮ್ಮ ಕಿರಿಯ ನಳಿಗೆಯ ಮೇಲೆಯೂ ಅದೇ ಸಂಖ್ಯೆ ಇತ್ತು. ಅದನ್ನು ಕಂಡ ದಿನ ನನಗೆ ಆದ ಖುಷಿ ಹೇಳತೀರದು: ಯಾರೋ ಎಲ್ಲಿಂದಲೋ ತಂದು ಸಿಕ್ಕಿಸಿದ್ದಲ್ಲ, ಹುಟ್ಟಿನಿಂದಲೇ ಜೊತೆಗಿದ್ದದ್ದು. ಇಂಗ್ಲೆಂಡಿನಲ್ಲಿ ರೂಕ್ ಎಂಬ ಕಾಗೆ ಜಾತಿಯ ಹಕ್ಕಿ ಹೊಡೆಯಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಾಡುತ್ತಿದ್ದ ಪುಟ್ಟ ರೈಫಲ್‌ಗಳ ವಂಶದ ನಳಿಗೆ ಅದು. ಆ ಸಂಖ್ಯೆಯೇ ಅರ್ಜಿಯಲ್ಲಿ ನಮ್ಮ ಮಾತಿಗೆ ಸಾಕ್ಷಿಯಾಯಿತು. ಎರಡೂ ನಳಿಗೆ ಈಗ ಲೈಸೆನ್ಸಿನಲ್ಲಿವೆ.

ಹೊಂದಿಕೆ ನೋಡುವುದು

ನಳಿಗೆಯನ್ನು ಕೀಲಿಗೆ ಕೂರಿಸಿ ಮುಚ್ಚಿ. ಮುಂಹಿಡಿಯನ್ನು ಹಾಕಬೇಡಿ, ಅದರ ಸ್ಪ್ರಿಂಗ್ ಸಡಿಲವನ್ನು ಮರೆಮಾಚುತ್ತದೆ. ಈಗ ಮೆಲ್ಲಗೆ ಅಲುಗಿಸಿ. ಸದ್ದಾದರೆ, ಇಲ್ಲವೇ ನಳಿಗೆಗೂ ಅದರ ಹಿಂದಿನ ಉಕ್ಕಿನ ಗೋಡೆಗೂ ನಡುವೆ ಬೆಳಕು ಕಂಡರೆ ಕೀಲು ಸವೆದಿದೆ.

ಬದಲಿಸುವ ನಳಿಗೆಗೆ ಇನ್ನೂ ನಾಜೂಕಾದ ಪರೀಕ್ಷೆಯಿದೆ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಹಿಡಿದು ಕಾಡಿಗೆ ಮಾಡುವಂತೆ ಮಸಿ ಹಿಡಿದು, ಹನಿ ಎಣ್ಣೆಯಲ್ಲಿ ಕಲಸಿ, ನಳಿಗೆಯ ಹಿಂಬದಿಗೂ ಕೀಲಿನ ಕೊಕ್ಕೆಗೂ ತೆಳುವಾಗಿ ಸವರಿ. ಮುಚ್ಚಿ ತೆರೆಯಿರಿ. ಎದುರಿನ ಗೋಡೆಯ ಮೇಲೆ ಮಸಿ ಸುತ್ತಲೂ ಸಮನಾಗಿ ಮೂಡಿದರೆ ನಳಿಗೆ ಕೂತಿದೆ. ಒಂದೇ ಬದಿಗೆ ಮೂಡಿದರೆ ಇಲ್ಲ. ಇಂಗ್ಲೆಂಡಿನ ಕುಶಲಕರ್ಮಿಗಳು ನಳಿಗೆ ಕೂರಿಸುತ್ತಿದ್ದದ್ದೂ ದೀಪದ ಮಸಿಯಿಂದಲೇ. ಕೂರದ ನಳಿಗೆಯನ್ನು ನೀವಾಗಿ ಅರ ಹಾಕಿ ಕೂರಿಸಲು ಹೋಗಬೇಡಿ. ಪರವಾನಗಿ ಇರುವ ಬಂದೂಕು ರಿಪೇರಿಯವರು ನೋಡಿ ಒಪ್ಪುವ ತನಕ ಒಂದು ತೋಟಾವನ್ನೂ ತುಂಬಬೇಡಿ.

ನಳಿಗೆಯೊಳಗೆ ಬೆಳಕಿನ ಕಡೆಗೆ ಹಿಡಿದು ನೋಡಿದಾಗ ಉಂಗುರದಂಥ ನೆರಳು ಕಂಡರೆ ಅದು ಎಂದೋ ಉಬ್ಬಿದ ಜಾಗ. ಅಂಥದ್ದು ಮನೆಯ ಗೋಡೆಗೆ ತೂಗುಹಾಕಲು ಮಾತ್ರ ಲಾಯಕ್ಕು, ಅದಕ್ಕೂ ಲೈಸೆನ್ಸ್ ಬೇಕು. ಉದ್ದ ಕಡಿಮೆ ಮಾಡುತ್ತೇನೆಂದು ನಳಿಗೆ ಕೊಯ್ಯುವುದು 6ನೇ ಕಲಮಿನ ಪ್ರಕಾರ ಅಪರಾಧ.

ಎಣ್ಣೆ, ತುಕ್ಕು, ಹೊಳಪು

ತೆಂಗಿನ ನಾಡಿನವರಾದ ನಾವು ಎಲ್ಲಕ್ಕೂ ಕೊಬ್ಬರಿ ಎಣ್ಣೆ ಹಚ್ಚುತ್ತೇವೆ. ಬಂದೂಕಿಗೆ ಅದು ಶತ್ರು. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ನಮ್ಮ ಧನುರ್ಮಾಸದ ಬೆಳಗುಗಳಲ್ಲಿ ಸ್ಪ್ರಿಂಗಿನ ಸಂದಿಯಲ್ಲಿ ಹೆಪ್ಪುಗಟ್ಟಿ ಕೂರುತ್ತದೆ, ವರ್ಷ ಕಳೆದಂತೆ ಅಂಟಾಗುತ್ತದೆ. ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಬಟ್ಟೆಗೆ ಹಚ್ಚಿ ಸವರಿದರೆ ಸಾಕು. ತುಕ್ಕಿನ ಚುಕ್ಕೆಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ, ಹಳೆಯ ತಾಮ್ರದ ಕಾಸಿನ ಅಂಚಿನಿಂದ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆದು, ಗೀರು ಬೀಳುವುದಿಲ್ಲ.

ಉಪ್ಪುಕಾಗದ ಮಾತ್ರ ಮುಟ್ಟಿಸಬೇಡಿ. ಸಿರಾ ಕಡೆಯ ಪರಿಚಿತ ರೈತರೊಬ್ಬರು ಆಯುಧಪೂಜೆಗೆ ಥಳಥಳಿಸಲೆಂದು ಬಂದೂಕನ್ನು ಪಾಲಿಶ್ ಚಕ್ರಕ್ಕೆ ಕೊಟ್ಟರು. ಮುದ್ರೆಗಳೆಲ್ಲ ಅಳಿಸಿಹೋದವು, ಸಂಖ್ಯೆಯ ಎರಡು ಅಂಕಿಗಳೂ ಹೋದವು. ಸಂಖ್ಯೆ ಅಳಿಸಿದ ಬಂದೂಕು ಯಾರ ಬಳಿ ಇದೆಯೋ ಅವರೇ ಅಳಿಸಿದ್ದೆಂದು 8ನೇ ಕಲಮು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊರೆ ಅವರದೇ. ನೂರು ವರ್ಷ ಬಾಳಿದ ಚರಿತ್ರೆ ಅರ್ಧ ಗಂಟೆಯಲ್ಲಿ ಪುಡಿಯಾಗಿ ನೆಲಕ್ಕೆ ಬಿತ್ತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಹಳೆಯ ಚರ್ಮದ ಚೀಲ ಚೆನ್ನಾಗಿ ಕಾಣುತ್ತದೆ, ಆದರೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಬೇರೆ ಇಡಿ. ಬಂದೂಕನ್ನು ಕಳಚಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿ. ತೋಟಾಗಳಿಗೆ ಬೇರೆ ಬೀಗ, ಬೇರೆ ಜಾಗ. ಚುನಾವಣೆ ಬಂದು ಆಡಳಿತದ ಆದೇಶದಂತೆ ಠೇವಣಿ ಇಡುವಾಗ ನಳಿಗೆಯ ಒಳಹೊರಗೆ ಎಂದಿಗಿಂತ ಧಾರಾಳವಾಗಿ ಎಣ್ಣೆ ಸವರಿ ಕೊಡಿ, ಮರಳಿ ಪಡೆದ ದಿನವೇ ಒರೆಸಿ.

ಆಯುಧಪೂಜೆಯಂದು ನಮ್ಮ ಮನೆಯಲ್ಲಿ ಎರಡೂ ನಳಿಗೆಗಳನ್ನು ಕುಡುಗೋಲು, ಗುದ್ದಲಿಗಳ ಪಕ್ಕದಲ್ಲಿ ಬಾಳೆಯೆಲೆಯ ಮೇಲೆ ಇಡುತ್ತೇವೆ. ಒದ್ದೆ ಅರಿಶಿನ, ಕುಂಕುಮ ಉಕ್ಕಿಗೆ ತಾಗಿದರೆ ಬೆಳಗಾಗುವುದರೊಳಗೆ ಕೆಂಪು ಕಲೆ ಕಚ್ಚುತ್ತದೆ. ಅಮ್ಮ ಈಗ ಬೊಟ್ಟನ್ನು ಮರದ ಹಿಡಿಗೆ ಮಾತ್ರ ಇಡುತ್ತಾರೆ. ಮಂಗಳಾರತಿಯಾದ ಮೇಲೆ, ಊಟಕ್ಕೆ ಕೂರುವ ಮೊದಲು, ನಾನು ಒಣ ಬಟ್ಟೆಯಿಂದ ಎರಡನ್ನೂ ಒರೆಸಿ, ಎಣ್ಣೆ ಸವರಿ, ಅಡಿಯ ಸಂಖ್ಯೆಯನ್ನು ಒಮ್ಮೆ ಓದಿ ಬೀರುವಿನಲ್ಲಿ ಇಡುತ್ತೇನೆ.